ಶಾಕ್ಲಿ ಪ್ರಯೋಗಾಲಯದ ಎಂಟು ರಾಜೀನಾಮೆಗಳು

ಟ್ರಾನ್ಸಿಸ್ಟರಿನ ಚರಿತ್ರೆ ಬರೆದಲ್ಲೆಲ್ಲ ಒಂದು ಛಾಯಾಚಿತ್ರ ಅಚ್ಚಾಗಿರುತ್ತದೆ. ನೀವೂ ನೋಡಿರಬಹುದು. ಅದರಲ್ಲಿ ಮೂವರಿದ್ದಾರೆ. ಒಬ್ಬರು ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದಾರೆ. ಇಬ್ಬರು ಅವರ ಹಿಂದೆ ನಿಂತು ನೋಡುತ್ತಿದ್ದಾರೆ. ಕುಳಿತವರು ಉಪಜ್ಞೆಕಾರರು, ನಿಂತವರು ಸಹಾಯಕರು ಎಂದು ಯಾವ ವಿದ್ಯಾರ್ಥಿಯಾದರೂ ಭಾವಿಸಿದರೆ ಅವನ ತಪ್ಪಿಲ್ಲ. ಆದರೆ ನಡೆದದ್ದು ಹಾಗಲ್ಲ. 1947ರ ಡಿಸೆಂಬರ್ 16ರಂದು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜರ್ಮೇನಿಯಮ್ ತುಂಡಿನ ಮೇಲೆ ಎರಡು ಚಿನ್ನದ ಸ್ಪರ್ಶಗಳನ್ನು ಒತ್ತಿ, ಮೊದಲ ಟ್ರಾನ್ಸಿಸ್ಟರಿನಿಂದ ಕೆಲಸ ಮಾಡಿಸಿದವರು ನಿಂತಿರುವ ಇಬ್ಬರು – ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟೇನ್. ಆ ಮೇಜು ಬ್ರಾಟೇನ್ ಅವರದು. ಕುಳಿತವರು ತಂಡದ ಮುಖ್ಯಸ್ಥ ವಿಲಿಯಂ ಶಾಕ್ಲಿ. 1948ರಲ್ಲಿ ಪ್ರಚಾರಕ್ಕಾಗಿ ತೆಗೆದ ಈ ಚಿತ್ರವನ್ನು ಕಂಡರೆ ಬ್ರಾಟೇನ್ ಅವರಿಗೆ ಆಗುತ್ತಿರಲಿಲ್ಲ.

ಟ್ರಾನ್ಸಿಸ್ಟರು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಪಠ್ಯಪುಸ್ತಕಗಳು ಚೆನ್ನಾಗಿಯೇ ಹೇಳುತ್ತವೆ. ಅದನ್ನು ತಯಾರಿಸಲು ಹೊರಟ ಜನ ಹೇಗೆ ಕೆಲಸ ಮಾಡಿದರು, ಮೊದಲ ದರ್ಜೆಯ ವಿಜ್ಞಾನಿಯೊಬ್ಬರು ಮೇಲಧಿಕಾರಿಯಾದಾಗ ಅವರ ಕೈಕೆಳಗಿನವರಿಗೆ ಏನಾಯಿತು ಎಂಬುದು ಪಠ್ಯದಲ್ಲಿ ಬರುವುದಿಲ್ಲ. ಸಿಲಿಕಾನ್ ಉದ್ಯಮ ಕ್ಯಾಲಿಫೋರ್ನಿಯದ ಒಂದು ಕಣಿವೆಯಲ್ಲಿ ಬೇರೂರಿದ್ದಕ್ಕೂ ಆ ಕತೆಗೂ ನೇರ ಸಂಬಂಧವಿದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಬೆಲ್‌ನಲ್ಲಿ ಕಂಡ ಲಕ್ಷಣಗಳು

ಶಾಕ್ಲಿ ಅವರನ್ನು ಹೆಸರಿಗಾಗಿ ಹಾತೊರೆದ ಅಧಿಕಾರಿ ಎಂದಷ್ಟೇ ತಳ್ಳಿಹಾಕುವಂತಿಲ್ಲ. ಅರೆವಾಹಕಕ್ಕೆ ಹೊರಗಿನಿಂದ ವಿದ್ಯುತ್ ಕ್ಷೇತ್ರವನ್ನು ಒಡ್ಡಿ ಒಳಗಿನ ಪ್ರವಾಹವನ್ನು ನಿಯಂತ್ರಿಸಬಹುದು ಎಂಬ ಯೋಚನೆಯನ್ನು 1945ರಲ್ಲಿ ಅವರು ಮುಂದಿಟ್ಟಿದ್ದರು. ಪ್ರಯೋಗ ಫಲಿಸಲಿಲ್ಲ. ಹರಳಿನ ಮೇಲ್ಮೈಯಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ಕ್ಷೇತ್ರವನ್ನು ಒಳಗೆ ಹೋಗಗೊಡುವುದಿಲ್ಲ ಎಂದು 1946ರಲ್ಲಿ ಬಾರ್ಡೀನ್ ಅದಕ್ಕೆ ಕಾರಣ ಕೊಟ್ಟರು. ಆ ಮೇಲ್ಮೈಯ ಬೆನ್ನು ಹತ್ತಿ ಹೋದ ಬಾರ್ಡೀನ್ ಮತ್ತು ಬ್ರಾಟೇನ್ ಅವರಿಗೆ ಟ್ರಾನ್ಸಿಸ್ಟರು ದಕ್ಕಿತು. ಅದರ ಪೇಟೆಂಟಿನಲ್ಲಿ ಶಾಕ್ಲಿ ಅವರ ಹೆಸರು ಸೇರಲಿಲ್ಲ.

ಆ ಪೆಟ್ಟು ಅವರಿಂದ ಒಂದು ದೊಡ್ಡ ಕೆಲಸವನ್ನೇ ಮಾಡಿಸಿತು. ಕೆಲವೇ ವಾರಗಳಲ್ಲಿ, 1948ರ ಜನವರಿಯಲ್ಲಿ, ಶಾಕ್ಲಿ ಸಂಧಿ ಟ್ರಾನ್ಸಿಸ್ಟರನ್ನು ಕಾಗದದ ಮೇಲೆ ರೂಪಿಸಿದರು. ಉತ್ಸರ್ಜಕ, ಆಧಾರ, ಸಂಗ್ರಾಹಕ ಎಂದು ನಾವು ಕರಿಹಲಗೆಯ ಮೇಲೆ ಬರೆಯುವ ಮೂರು ಪದರಗಳ ಸಾಧನ ಅದೇ. ಆದರೆ ಈ ಯೋಚನೆಯನ್ನು ಅವರು ತಮ್ಮದೇ ತಂಡದವರಿಂದ ಮುಚ್ಚಿಟ್ಟರು. ಫೆಬ್ರವರಿಯಲ್ಲಿ ನಡೆದ ಒಂದು ಸಭೆಯಲ್ಲಿ ಜಾನ್ ಶೈವ್ ಎಂಬ ಸಹೋದ್ಯೋಗಿ ಅದೇ ದಿಕ್ಕಿಗೆ ಕೈತೋರುವ ಪ್ರಯೋಗವೊಂದನ್ನು ವರದಿ ಮಾಡಿದಾಗ, ಇನ್ನು ತಡೆದರೆ ಬೇರೆ ಯಾರಾದರೂ ಹೇಳಿಯಾರು ಎಂದು ಎದ್ದು ನಿಂತು ವಿವರಿಸಿದರು. ಮುಂದಿನ ಸಂಧಿ ಟ್ರಾನ್ಸಿಸ್ಟರ್ ಕೆಲಸದಿಂದ ಬಾರ್ಡೀನ್, ಬ್ರಾಟೇನ್ ಇಬ್ಬರನ್ನೂ ದೂರವಿಟ್ಟರು. ತಂಡ ಇರುವುದೇ ಮುಖ್ಯಸ್ಥರ ಯೋಚನೆಗಳನ್ನು ಬೆಳೆಸುವುದಕ್ಕೆ ಎಂಬಂತಾಗಿದೆ ಎಂದು ಮೇಲಿನವರಿಗೆ ಬರೆದು ತಿಳಿಸಿ, ಬಾರ್ಡೀನ್ 1951ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು. ಅಲ್ಲಿ ಇಬ್ಬರು ಕಿರಿಯರನ್ನು ಜೊತೆಗೆ ಹಾಕಿಕೊಂಡು ಅತಿವಾಹಕತೆಯ ಸಿದ್ಧಾಂತವನ್ನು ಕಟ್ಟಿದರು. 1972ರಲ್ಲಿ ಅವರಿಗೆ ಎರಡನೆಯ ನೊಬೆಲ್ ಬಂತು. ಬ್ರಾಟೇನ್ ಅವರು ತಮ್ಮನ್ನು ಶಾಕ್ಲಿ ಅವರ ಕೆಳಗಿನಿಂದ ಬಿಡಿಸಿ ಎಂದು ಕೇಳಿಕೊಂಡರು.

ಬೆಲ್ ದೊಡ್ಡ ಸಂಸ್ಥೆ. ಒಬ್ಬರ ಕೆಳಗೆ ಆಗದಿದ್ದರೆ ಇನ್ನೊಬ್ಬರ ಕೆಳಗೆ ಹೋಗಬಹುದಿತ್ತು. ಶಾಕ್ಲಿ ಅವರ ಮೇಲೂ ಅಧಿಕಾರಿಗಳಿದ್ದರು. ಅವರೇ ಸರ್ವಾಧಿಕಾರಿಯಾದ ಜಾಗದಲ್ಲಿ ಏನಾದೀತು ಎಂಬುದು ಇನ್ನೂ ಗೊತ್ತಾಗಬೇಕಿತ್ತು.

ಹಣ್ಣಿನ ಶೆಡ್ಡಿನಲ್ಲಿ ಒಂದು ಪ್ರಯೋಗಾಲಯ

1955ರಲ್ಲಿ ಶಾಕ್ಲಿ ಬೆಲ್ ಬಿಟ್ಟರು. ಅವರಿಗೆ ಹಣ ಕೊಟ್ಟವರು ಆರ್ನಾಲ್ಡ್ ಬೆಕ್‌ಮನ್. ರಸಾಯನವಿಜ್ಞಾನದ ಅಧ್ಯಾಪಕರಿಗೆ ಈ ಹೆಸರು ಪರಿಚಿತ. ಪಿಎಚ್ ಮೀಟರನ್ನು ರೂಪಿಸಿದವರು ಇವರೇ. ಬೆಕ್‌ಮನ್ ಅವರ ಉಪಕರಣ ಕಂಪನಿಯ ಒಂದು ವಿಭಾಗವಾಗಿ ಶಾಕ್ಲಿ ಸೆಮಿಕಂಡಕ್ಟರ್ ಪ್ರಯೋಗಾಲಯ 1956ರಲ್ಲಿ ಕೆಲಸ ಆರಂಭಿಸಿತು. ಸ್ಥಳ ಕ್ಯಾಲಿಫೋರ್ನಿಯದ ಮೌಂಟನ್ ವ್ಯೂ, 391 ಸ್ಯಾನ್ ಆಂಟೋನಿಯೊ ರಸ್ತೆ. ಕಟ್ಟಡ ಹಿಂದೆ ಏಪ್ರಿಕಾಟ್ ಹಣ್ಣು ಕಟ್ಟುವ ಶೆಡ್ಡು. ಸುತ್ತ ತೋಟಗಳು. ಶಾಕ್ಲಿ ಅವರ ವೃದ್ಧ ತಾಯಿ ಪಕ್ಕದ ಪಾಲೊ ಆಲ್ಟೊದಲ್ಲಿದ್ದದ್ದು ಈ ಜಾಗ ಆರಿಸಿದ್ದಕ್ಕೆ ಒಂದು ಕಾರಣ.

ಅವರ ತಾಂತ್ರಿಕ ಗುರಿ ಸರಿಯಾಗಿಯೇ ಇತ್ತು. ಆ ಕಾಲದ ಬಹುಪಾಲು ಟ್ರಾನ್ಸಿಸ್ಟರುಗಳು ಜರ್ಮೇನಿಯಮ್‌ನವು. ಜರ್ಮೇನಿಯಮ್‌ನ ನಿಷಿದ್ಧ ಶಕ್ತಿ ಅಂತರ ಸುಮಾರು 0.67 ಎಲೆಕ್ಟ್ರಾನ್ ವೋಲ್ಟ್. ಸಿಲಿಕಾನ್‌ನದು ಸುಮಾರು 1.1. ಅಂತರ ಕಿರಿದಾದಷ್ಟೂ ಶಾಖದಿಂದಲೇ ಎಲೆಕ್ಟ್ರಾನುಗಳು ಬಿಡುಗಡೆಯಾಗುವುದು ಹೆಚ್ಚು. ಆದ್ದರಿಂದ ಸ್ವಲ್ಪ ಬಿಸಿಯಾದರೆ ಜರ್ಮೇನಿಯಮ್ ಸಾಧನ ಹಿಡಿತ ತಪ್ಪುತ್ತದೆ, ಸಿಲಿಕಾನ್ ತಡೆದುಕೊಳ್ಳುತ್ತದೆ. ಬೇಕಾದ ಬೆರಕೆ ಪರಮಾಣುಗಳನ್ನು ಕುಲುಮೆಯಲ್ಲಿ ಆವಿಯಾಗಿ ಹಾಯಿಸಿ ಸಿಲಿಕಾನ್ ಬಿಲ್ಲೆಯೊಳಕ್ಕೆ ಇಳಿಸುವ ವಿಸರಣೆ ವಿಧಾನ ಆಗ ಹೊಸದು. ಸಿಲಿಕಾನ್ ಮತ್ತು ವಿಸರಣೆ – ಭವಿಷ್ಯ ಈ ಎರಡರಲ್ಲಿದೆ ಎಂದು ಶಾಕ್ಲಿ ಕಂಡಿದ್ದರು. ಎಪ್ಪತ್ತು ವರ್ಷಗಳ ಅನುಭವ ಅವರ ಮಾತನ್ನು ಸುಳ್ಳು ಮಾಡಿಲ್ಲ.

ಜನರನ್ನು ಆರಿಸುವುದರಲ್ಲೂ ಅವರ ಕಣ್ಣು ಚುರುಕು. ಬೆಲ್‌ನ ಹಳೆಯ ಸಹೋದ್ಯೋಗಿಗಳನ್ನು ಕರೆದರು, ಯಾರೂ ಬರಲಿಲ್ಲ. (ಇದೇ ಒಂದು ಸೂಚನೆಯಾಗಬೇಕಿತ್ತು. ಒಬ್ಬರ ಜೊತೆ ಕೆಲಸ ಮಾಡಿದವರು ಮತ್ತೆ ಅವರ ಜೊತೆ ಕೆಲಸಕ್ಕೆ ಬರುತ್ತಾರೆಯೇ ಎಂಬುದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇರೆ ಬೇಕೆ?) ಆಮೇಲೆ ಅವರು ದೇಶದಲ್ಲೆಲ್ಲ ಹುಡುಕಿ ಯುವಕರನ್ನು ತಂದರು. ಫಿಲಾಡೆಲ್ಫಿಯದ ಫಿಲ್ಕೊ ಕಂಪನಿಯಿಂದ ಭೌತವಿಜ್ಞಾನಿ ರಾಬರ್ಟ್ ನಾಯ್ಸ್ ಬಂದರು. ಶಾಕ್ಲಿ ಅವರ ಕರೆ ಬಂದದ್ದು ದೇವರೇ ಫೋನು ಮಾಡಿದಂತಿತ್ತು ಎಂದು ಅವರು ಆಮೇಲೆ ನೆನಪಿಸಿಕೊಂಡಿದ್ದಾರೆ. ರಸಾಯನವಿಜ್ಞಾನಿ ಗಾರ್ಡನ್ ಮೂರ್ ಬಂದ ಬಗೆ ಸ್ವಾರಸ್ಯದ್ದು. ಲಿವರ್‌ಮೋರ್‌ನ ಪರಮಾಣು ಅಸ್ತ್ರ ಪ್ರಯೋಗಾಲಯದ ಕೆಲಸವನ್ನು ಒಲ್ಲೆ ಎಂದವರ ಪಟ್ಟಿಯಲ್ಲಿ ಶಾಕ್ಲಿ ಅವರಿಗೆ ಈ ಹೆಸರು ಸಿಕ್ಕಿತ್ತು. ಎರಡು ಡಾಕ್ಟರೇಟುಗಳ ಸ್ವಿಸ್ ವಿಜ್ಞಾನಿ ಜೀನ್ ಹೋರ್ನಿ, ಎಂ.ಐ.ಟಿ.ಯಿಂದ ಆಗಷ್ಟೇ ಹೊರಬಂದಿದ್ದ ಜೇ ಲಾಸ್ಟ್, ಲೋಹವಿಜ್ಞಾನಿ ಶೆಲ್ಡನ್ ರಾಬರ್ಟ್ಸ್, ವಿದ್ಯುತ್ ಎಂಜಿನಿಯರ್ ವಿಕ್ಟರ್ ಗ್ರಿನಿಚ್, ಯಂತ್ರಶಿಲ್ಪದಲ್ಲಿ ಪಳಗಿದ ಯೂಜೀನ್ ಕ್ಲೈನರ್ ಮತ್ತು ಜೂಲಿಯಸ್ ಬ್ಲ್ಯಾಂಕ್ – ಹೆಚ್ಚಿನವರು ಮೂವತ್ತರ ಆಸುಪಾಸಿನವರು. ಕೆಲಸಕ್ಕೆ ಸೇರುವ ಮುನ್ನ ನ್ಯೂಯಾರ್ಕಿನ ಒಂದು ಸಂಸ್ಥೆಯಲ್ಲಿ ಮನಶ್ಶಾಸ್ತ್ರೀಯ ಪರೀಕ್ಷೆ ಇತ್ತು. ನಾಯ್ಸ್ ಮತ್ತು ತಾವು ಬುದ್ಧಿವಂತರೇನೋ ಹೌದು, ಆದರೆ ಒಳ್ಳೆಯ ಆಡಳಿತಗಾರರಾಗುವವರಲ್ಲ ಎಂದು ಅದರಲ್ಲಿ ತೀರ್ಪು ಬಂದಿತ್ತೆಂದು ಮೂರ್ ಹೇಳುತ್ತಿದ್ದರು. ಮುಂದೆ ಇಂಟೆಲ್ ಕಂಪನಿಯನ್ನು ಸ್ಥಾಪಿಸಿದವರು ಈ ಇಬ್ಬರೇ.

1956ರ ನವೆಂಬರ್ 1ರಂದು ಶಾಕ್ಲಿ, ಬಾರ್ಡೀನ್, ಬ್ರಾಟೇನ್ ಮೂವರಿಗೂ ನೊಬೆಲ್ ಬಂದ ಸುದ್ದಿ ತಲುಪಿತು. ಶಾಕ್ಲಿ ತಮ್ಮ ಸಿಬ್ಬಂದಿಯನ್ನೆಲ್ಲ ಪಾಲೊ ಆಲ್ಟೊದ ಹೋಟೆಲಿಗೆ ಕರೆದೊಯ್ದು ಸಂತೋಷಕೂಟ ಮಾಡಿದರು. ಆ ಬೆಳಗಿನ ಚಿತ್ರವೂ ಉಳಿದಿದೆ. ಎಲ್ಲರ ಕೈಯಲ್ಲೂ ಗ್ಲಾಸು, ಎಲ್ಲರ ಮುಖದಲ್ಲೂ ನಗು. ಹನ್ನೊಂದು ತಿಂಗಳು ಕಳೆಯುವುದರೊಳಗೆ ಎಂಟು ಜನ ಅಲ್ಲಿರಲಿಲ್ಲ.

ಅಳೆಯುವವರ ಸಂಶಯ

ಅಷ್ಟರಲ್ಲಿ ಏನಾಯಿತು? ಒಂದು ದೊಡ್ಡ ಜಗಳ ಎನ್ನುವಂಥದ್ದು ಇಲ್ಲ. ದಿನದಿನದ ಸಣ್ಣ ಸಂಗತಿಗಳು.

ಎಲ್ಲರ ಸಂಬಳದ ಪಟ್ಟಿಯನ್ನು ಶಾಕ್ಲಿ ಸೂಚನಾ ಫಲಕದ ಮೇಲೆ ಹಾಕಿಸಿದರು. ಮುಚ್ಚುಮರೆ ಬೇಡ ಎಂಬುದು ಅವರ ವಾದ. ಪಕ್ಕದ ಮೇಜಿನವನಿಗಿಂತ ತನಗೆ ಎಷ್ಟು ಕಡಿಮೆ ಎಂದು ಪ್ರತಿಯೊಬ್ಬನೂ ಲೆಕ್ಕ ಹಾಕುವಂತಾಯಿತು. ಯಾರಾದರೂ ಹೊಸ ಫಲಿತಾಂಶ ತಂದು ತೋರಿಸಿದರೆ ಅವರ ಎದುರಿಗೇ ಬೆಲ್‌ನ ಹಳೆಯ ಗೆಳೆಯರಿಗೆ ಫೋನು ಮಾಡಿ, ಇದು ನಿಜವಿರಬಹುದೇ ಎಂದು ಕೇಳುವ ರೂಢಿ ಅವರಿಗಿತ್ತು.

ಇಲ್ಲಿ ನನ್ನದೊಂದು ಮಾತು. ವಿಭಾಗದ ಹೊಣೆ ನನ್ನ ಮೇಲಿದ್ದಾಗ ಕಿರಿಯ ಸಹೋದ್ಯೋಗಿಯೊಬ್ಬರು ಹಾಲ್ ಪರಿಣಾಮದ ಅಳತೆಗಳನ್ನು ತಂದು ತೋರಿಸಿದರು. ಅಂಕಿಗಳು ನನಗೆ ವಿಚಿತ್ರವಾಗಿ ಕಂಡವು. ಅವರನ್ನೇ ಕೇಳಬಹುದಾಗಿದ್ದ ಪ್ರಶ್ನೆಯನ್ನು ನಾನು ಇನ್ನೊಬ್ಬರ ಬಳಿ ಕೇಳಿದೆ. ಅದು ಅವರ ಕಿವಿಗೆ ಬಿತ್ತು. ಅಳತೆ ಸರಿಯಾಗಿತ್ತು, ತಪ್ಪಿದ್ದು ನನ್ನ ಊಹೆ. ಅವರು ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ಅರ್ಧ ಆದ ಕೆಲಸವನ್ನು ನನ್ನ ಮುಂದೆ ತರುವುದನ್ನು ನಿಲ್ಲಿಸಿದರು. ಎಲ್ಲ ಮುಗಿದು ಬೆರಳಚ್ಚಾದ ಮೇಲಷ್ಟೇ ತರುತ್ತಿದ್ದರು. ಸಂಶೋಧನೆಯಲ್ಲಿ ಚರ್ಚೆಗೆ ಬೆಲೆ ಇರುವುದು ಅರ್ಧ ಆದ ಕೆಲಸದ ಹಂತದಲ್ಲಿಯೇ ಎಂಬುದನ್ನು ಅಧ್ಯಾಪಕರಿಗೆ ನಾನು ಹೇಳಬೇಕಿಲ್ಲ.

ಶಾಕ್ಲಿ ಅವರ ಪ್ರಯೋಗಾಲಯದಲ್ಲಿ ನಷ್ಟ ಇದಕ್ಕಿಂತ ದೊಡ್ಡದು. 1956ರ ಆಗಸ್ಟ್‌ನಲ್ಲಿ ನಾಯ್ಸ್ ತಮ್ಮ ನೋಟ್‌ಬುಕ್ಕಿನಲ್ಲಿ ಒಂದು ಹೊಸ ಡಯೋಡಿನ ಯೋಚನೆ ಬರೆದರು. ಸಂಧಿಯ ಎರಡೂ ಬದಿಗೆ ಬೆರಕೆಯನ್ನು ತೀರ ಹೆಚ್ಚಿಸಿದರೆ ನಡುವಿನ ತಡೆ ಎಷ್ಟು ತೆಳುವಾಗುತ್ತದೆಂದರೆ, ಎಲೆಕ್ಟ್ರಾನುಗಳು ಅದನ್ನು ಹತ್ತಿ ಇಳಿಯದೆ ಕ್ವಾಂಟಮ್ ನಿಯಮದಂತೆ ಸುರಂಗ ಕೊರೆದಂತೆ ದಾಟಿಬಿಡುತ್ತವೆ. ವೋಲ್ಟತೆ ಏರಿಸಿದಾಗ ಒಂದು ವ್ಯಾಪ್ತಿಯಲ್ಲಿ ಪ್ರವಾಹ ಇಳಿಯುತ್ತದೆ. ನಾಯ್ಸ್ ಇದನ್ನು ತೋರಿಸಿದಾಗ ಶಾಕ್ಲಿ ಆಸಕ್ತಿ ವಹಿಸಲಿಲ್ಲ. ನಾಯ್ಸ್ ನೋಟ್‌ಬುಕ್ಕು ಮುಚ್ಚಿಟ್ಟು ಬೇರೆ ಕೆಲಸಕ್ಕೆ ಹೋದರು. 1958ರ ಆರಂಭದಲ್ಲಿ ಜಪಾನಿನ ಲಿಯೊ ಎಸಾಕಿ ಅವರ ಪ್ರಬಂಧ ಪ್ರಕಟವಾಯಿತು – ಅದೇ ಸುರಂಗ ಡಯೋಡ್. ಎಸಾಕಿ ಅವರಿಗೆ 1973ರಲ್ಲಿ ನೊಬೆಲ್ ಪಾಲು ಸಿಕ್ಕಿತು. ಎಸಾಕಿ ಸಾಧನ ಮಾಡಿ, ಅಳೆದು, ವಿವರಿಸಿದವರು. ನಾಯ್ಸ್ ಯೋಚನೆ ಬರೆದಿಟ್ಟವರು ಅಷ್ಟೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೂ, ಮಾಡಿ ನೋಡೋಣ ಎಂಬ ಎರಡು ಮಾತು ಆ ದಿನ ಸಿಕ್ಕಿದ್ದರೆ ಏನಾಗುತ್ತಿತ್ತೋ!

ಇನ್ನೊಂದು ಪ್ರಸಂಗ ಪ್ರಸಿದ್ಧವಾದದ್ದು. ಪ್ರಯೋಗಾಲಯದ ಬಾಗಿಲಿನಲ್ಲಿದ್ದ ಯಾವುದೋ ಚೂಪಾದ ಮೊನೆ ತಗಲಿ ಕಾರ್ಯದರ್ಶಿಯಾಗಿದ್ದ ಮಹಿಳೆಯ ಕೈಗೆ ಗಾಯವಾಯಿತು. ಇದು ಬೇಕೆಂದೇ ಇಟ್ಟದ್ದು, ಯಾರದೋ ಕೈವಾಡ ಎಂದು ಶಾಕ್ಲಿ ನಿರ್ಧರಿಸಿದರು. ಸಿಬ್ಬಂದಿ ಸುಳ್ಳು ಪತ್ತೆ ಯಂತ್ರದ ಪರೀಕ್ಷೆಗೆ ಒಳಗಾಗಬೇಕು ಎಂದರು. ಲೋಹವಿಜ್ಞಾನಿ ರಾಬರ್ಟ್ಸ್ ಆ ಮೊನೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಅದು ಕಾಗದ ಅಂಟಿಸಲು ಚುಚ್ಚಿದ್ದ ಪಿನ್ನು. ತಲೆ ಮುರಿದು ಮೊನೆ ಉಳಿದಿತ್ತು. ಒಂದು ನಿಮಿಷದ ವೀಕ್ಷಣೆಯಿಂದ ಬಗೆಹರಿಯುವುದಕ್ಕೆ ಪೊಲೀಸು ಯಂತ್ರ ತರಿಸಹೊರಟವರು ಸಾಮಾನ್ಯ ಅಧಿಕಾರಿಯಲ್ಲ, ಭೌತವಿಜ್ಞಾನಿ! ವಸ್ತುವಿನ ಕುರಿತು ಅವರಿಗಿದ್ದ ತಾಳ್ಮೆ ಮನುಷ್ಯರ ಕುರಿತು ಇರಲಿಲ್ಲ.

ತಾಂತ್ರಿಕ ದಾರಿಯೂ ಈ ನಡುವೆ ಬದಲಾಯಿತು. ಸಿಲಿಕಾನ್ ಟ್ರಾನ್ಸಿಸ್ಟರ್ ಮಾಡಲೆಂದು ಸೇರಿದವರಿಗೆ ಶಾಕ್ಲಿ ತಮ್ಮ ಹೊಸ ಒಲವಾದ ನಾಲ್ಕು ಪದರದ ಡಯೋಡನ್ನು ತೋರಿಸತೊಡಗಿದರು. ಪಿ-ಎನ್-ಪಿ-ಎನ್ ಎಂಬ ನಾಲ್ಕು ಪದರ, ಎರಡೇ ತುದಿ. ನಿಗದಿತ ವೋಲ್ಟತೆ ಮುಟ್ಟುವವರೆಗೆ ಅದು ಪ್ರವಾಹವನ್ನು ತಡೆಯುತ್ತದೆ; ಮುಟ್ಟಿದೊಡನೆ ತೆರೆದುಕೊಂಡು, ಪ್ರವಾಹ ಒಂದು ಮಿತಿಗಿಂತ ಕೆಳಗಿಳಿಯುವ ತನಕ ತೆರೆದೇ ಇರುತ್ತದೆ. ಟೆಲಿಫೋನ್ ವಿನಿಮಯ ಕೇಂದ್ರಗಳ ಸಾವಿರಾರು ರಿಲೇಗಳ ಜಾಗದಲ್ಲಿ ಇದನ್ನು ಕೂರಿಸಬಹುದು ಎಂಬುದು ಆಸೆ. ಯೋಚನೆ ಸೊಗಸಾದದ್ದೇ. ತಯಾರಿಕೆ ಮಾತ್ರ ಆ ಕಾಲಕ್ಕೆ ಮೀರಿದ್ದು. ಬಿಲ್ಲೆಯ ಎರಡೂ ಮುಖಗಳನ್ನು ನಯಗೊಳಿಸಿ, ಎರಡೂ ಕಡೆಯಿಂದ ವಿಸರಣೆ ಮಾಡಬೇಕು. ಒಂದೊಂದು ಡಯೋಡೂ ಬಹುಮಟ್ಟಿಗೆ ಒಂದೇ ವೋಲ್ಟತೆಗೆ ತೆರೆದುಕೊಳ್ಳಬೇಕು. ಮೊದಲು ಟ್ರಾನ್ಸಿಸ್ಟರು ಮಾಡಿ ಮಾರೋಣ, ಆಮೇಲೆ ಇದು ಎಂದು ಯುವಕರು ಹೇಳಿದರು. ಆ ಮಾತು ನಡೆಯಲಿಲ್ಲ.

ಒಂದು ಪ್ರಬಂಧ ಮತ್ತು ಅದರಲ್ಲಿಲ್ಲದ ಅಂಶ

ಇದೇ ಹೊತ್ತಿಗೆ, 1957ರ ಮಾರ್ಚ್‌ನಲ್ಲಿ, ಅಮೆರಿಕದ ರೇಡಿಯೊ ಎಂಜಿನಿಯರುಗಳ ಸಂಸ್ಥೆಯ ನಿಯತಕಾಲಿಕದಲ್ಲಿ ಶಾಕ್ಲಿ ಅವರ ಒಂದು ಪ್ರಬಂಧ ಬಂತು. ವಿಷಯ – ಸಂಶೋಧನಾಲಯಗಳಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಉತ್ಪಾದಕತೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದರ ಸಂಖ್ಯಾಶಾಸ್ತ್ರ. ಲಾಸ್ ಅಲಮೋಸ್‌ನಂಥ ಪ್ರಯೋಗಾಲಯಗಳ ವಿಜ್ಞಾನಿಗಳ ಪ್ರಕಟಣೆಗಳನ್ನು ಎಣಿಸಿ, ಅವುಗಳ ಹಂಚಿಕೆ ಸಾಮಾನ್ಯ ಗಂಟೆಯಾಕಾರದ ರೇಖೆಗೆ ಹೊಂದುವುದಿಲ್ಲ, ಲಾಗರಿದಮ್ ತೆಗೆದುಕೊಂಡರೆ ಹೊಂದುತ್ತದೆ ಎಂದು ತೋರಿಸಿದರು. ಕಾರಣವನ್ನೂ ಊಹಿಸಿದರು. ಒಂದು ಪ್ರಬಂಧ ಹೊರಬರಬೇಕಾದರೆ ಒಳ್ಳೆಯ ಸಮಸ್ಯೆಯನ್ನು ಕಾಣುವುದು, ಅದರ ಮೇಲೆ ದುಡಿಯುವುದು, ಬೆಲೆಯುಳ್ಳ ಫಲಿತಾಂಶವನ್ನು ಗುರುತಿಸುವುದು, ಎಲ್ಲಿ ನಿಲ್ಲಿಸಿ ಬರೆಯಬೇಕೆಂದು ನಿರ್ಧರಿಸುವುದು, ಚೆನ್ನಾಗಿ ಬರೆಯುವುದು, ಟೀಕೆಯಿಂದ ಕಲಿಯುವುದು, ಪ್ರಕಟಣೆಗೆ ಕಳಿಸುವ ಛಲ, ತಿದ್ದುಪಡಿ ಮಾಡುವ ತಾಳ್ಮೆ – ಹೀಗೆ ಎಂಟು ಅಂಶಗಳು ಬೇಕು. ಇವು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ಗುಣಲಬ್ಧದ ಲಾಗರಿದಮ್ ಎಂದರೆ ಲಾಗರಿದಮ್‌ಗಳ ಮೊತ್ತ; ಬೇರೆ ಬೇರೆ ಅಂಶಗಳ ಮೊತ್ತ ಗಂಟೆಯಾಕಾರಕ್ಕೆ ಹತ್ತಿರವಾಗುತ್ತದೆ.

ಒಬ್ಬನು ಇನ್ನೊಬ್ಬನಿಗಿಂತ ಪ್ರತಿಯೊಂದು ಅಂಶದಲ್ಲೂ ಶೇಕಡ 50ರಷ್ಟು ಮೇಲಾಗಿದ್ದರೆ ಒಟ್ಟು ಎಷ್ಟು? 1.5ನ್ನು ಎಂಟು ಸಲ ಗುಣಿಸಿ ನೋಡಿ: ಸುಮಾರು 25.6. ಸಣ್ಣ ಮೇಲ್ಮೆ ಇಪ್ಪತ್ತೈದು ಪಟ್ಟು ಫಲ ಕೊಡುತ್ತದೆ! ಸಂಬಳ ಕೊಡುವಾಗ ಇದನ್ನು ಗಮನಿಸಬೇಕು ಎಂಬುದು ಶಾಕ್ಲಿ ಅವರ ಅಭಿಪ್ರಾಯ. ತರಗತಿಯಲ್ಲಿ ಘಾತಾಂಕದ ಬಲವನ್ನು ತೋರಿಸಲು ಇದಕ್ಕಿಂತ ಚಂದದ ಉದಾಹರಣೆ ನನಗೆ ಸಿಕ್ಕಿಲ್ಲ. ಪ್ರಬಂಧವನ್ನು ಈಗಲೂ ಉಲ್ಲೇಖಿಸುವವರಿದ್ದಾರೆ.

ಆದರೆ ಆ ಎಂಟನ್ನು ಮತ್ತೊಮ್ಮೆ ಓದಿ. ಎಲ್ಲವೂ ಕೆಲಸ ಮಾಡುವವನ ಒಳಗಿರುವವು. ಅವನು ಯಾರ ಕೆಳಗೆ ಕೆಲಸ ಮಾಡುತ್ತಾನೆ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಈಗ ಶಾಕ್ಲಿ ಅವರ ಗಣಿತವನ್ನೇ ಹಿಡಿದು ನಾವು ಒಂದು ಲೆಕ್ಕ ಮಾಡೋಣ. ಮೇಲಧಿಕಾರಿಯ ಸಂಶಯ, ಫಲಕದ ಮೇಲಿನ ಸಂಬಳ, ತೋರಿಸಿದ್ದಕ್ಕೆ ಬರುವ ತಾತ್ಸಾರ – ಇವು ಪ್ರತಿಯೊಂದು ಅಂಶವನ್ನೂ ಕೇವಲ ಐದರಲ್ಲಿ ಒಂದು ಪಾಲು ತಗ್ಗಿಸಿದವು ಎಂದುಕೊಳ್ಳಿ. 0.8ರ ಎಂಟನೆಯ ಘಾತ ಸುಮಾರು 0.17. ಅದೇ ಮನುಷ್ಯ, ಅದೇ ಬುದ್ಧಿ. ಕೆಲಸ ಆರರಲ್ಲಿ ಒಂದು ಪಾಲು. ಇದು ಅಳೆದ ಸಂಖ್ಯೆಯಲ್ಲ, ನನ್ನ ಊಹೆಯ ಲೆಕ್ಕ. ಆದರೂ ಉಳಿದವರನ್ನೆಲ್ಲ ಅಳೆದ ವಿಜ್ಞಾನಿಗೆ ತಾವೂ ಆ ಸಮೀಕರಣದಲ್ಲಿ ಒಂದು ಗುಣಕ ಎಂದು ಹೊಳೆಯಲಿಲ್ಲವಲ್ಲ ಎಂಬುದು ನನ್ನನ್ನು ಕಾಡುವ ಸಂಗತಿ. ಆಯ್ಕೆ ಚೆನ್ನಾಗಿದ್ದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಎಂಬ ನಂಬಿಕೆ ಅವರದಾಗಿತ್ತು. ಅವರ ಆಯ್ಕೆ ನಿಜಕ್ಕೂ ಚೆನ್ನಾಗಿತ್ತು.

ಹೊರಟವರು

1957ರ ಮೇ ತಿಂಗಳಲ್ಲಿ ಬೆಕ್‌ಮನ್ ಬಂದು ಖರ್ಚು ಹಿಡಿಯಿರಿ ಎಂದರು. ನಿಮಗೆ ಇಷ್ಟವಿಲ್ಲದಿದ್ದರೆ ಈ ತಂಡವನ್ನು ಕಟ್ಟಿಕೊಂಡು ಬೇರೆ ಕಡೆ ಹೋಗಬಲ್ಲೆ ಎಂದು ಶಾಕ್ಲಿ ಎಲ್ಲರೆದುರು ಎದುರುತ್ತರ ಕೊಟ್ಟರು. ತಂಡದವರು ಮುಖಮುಖ ನೋಡಿಕೊಂಡರು. ಅವರ ಜೊತೆ ಹೋಗುವ ಮನಸ್ಸು ಅಲ್ಲಿ ಯಾರಿಗಿತ್ತು? ಕೆಲ ದಿನಗಳಲ್ಲೇ ಮೂರ್ ಎಲ್ಲರ ಪರವಾಗಿ ಬೆಕ್‌ಮನ್ ಅವರಿಗೆ ಫೋನು ಮಾಡಿ, ಆ ಮಾತನ್ನು ನಂಬಬೇಡಿ, ಇಲ್ಲಿ ಪರಿಸ್ಥಿತಿ ಬೇರೆಯೇ ಇದೆ ಎಂದರು.

ಅವರು ಕೇಳಿದ್ದು ಶಾಕ್ಲಿ ಅವರನ್ನು ಹೊರಹಾಕಿ ಎಂದಲ್ಲ. ಅವರು ಸಲಹೆಗಾರರಾಗಿರಲಿ, ದಿನದ ಆಡಳಿತ ಬೇರೆಯವರ ಕೈಗೆ ಬರಲಿ ಎಂದು. ಬೆಕ್‌ಮನ್ ಮೊದಲು ಕಿವಿಗೊಟ್ಟರು, ನಾಲ್ಕಾರು ಸಲ ಕೂತು ಮಾತಾಡಿದರು. ಕೊನೆಗೆ ಹಿಂದೆ ಸರಿದರು: ಯಜಮಾನ ಶಾಕ್ಲಿಯೇ. ಹೊಸದಾಗಿ ನೊಬೆಲ್ ಪಡೆದವರನ್ನು ಪಕ್ಕಕ್ಕೆ ಸರಿಸುವುದು ಎಷ್ಟು ಕಷ್ಟ ಎಂಬುದು ತಮಗೆ ಆಗ ತಿಳಿಯಿತು ಎಂದು ಮೂರ್ ಮುಂದೆ ಹೇಳಿದ್ದಾರೆ. ದೂರು ಕೊಟ್ಟವರ ಸ್ಥಿತಿ ಗೊತ್ತೇ ಇದೆಯಲ್ಲ. ಇದ್ದರೆ ಮೇಲಧಿಕಾರಿಯ ಕಣ್ಣಲ್ಲಿ ದ್ರೋಹಿಗಳು, ಹೋಗಲು ಜಾಗವಿಲ್ಲ. ಎಷ್ಟೋ ಜನಕ್ಕೆ ಮನೆಯಲ್ಲಿ ಚಿಕ್ಕ ಮಕ್ಕಳು.

ಜೂನ್‌ನಲ್ಲಿ ಕ್ಲೈನರ್ ತಮ್ಮ ತಂದೆಯ ವ್ಯವಹಾರ ನೋಡುತ್ತಿದ್ದ ನ್ಯೂಯಾರ್ಕಿನ ಷೇರು ದಲ್ಲಾಳಿ ಸಂಸ್ಥೆಗೆ ಒಂದು ಪತ್ರ ಬರೆದರು. ನಮ್ಮನ್ನು ಒಂದೇ ತಂಡವಾಗಿ ಕೆಲಸಕ್ಕೆ ತೆಗೆದುಕೊಳ್ಳುವ, ಒಳ್ಳೆಯ ಆಡಳಿತವಿರುವ ಕಂಪನಿ ಯಾವುದಾದರೂ ಇದೆಯೇ ಎಂದು. ಆ ಪತ್ರ ಆರ್ಥರ್ ರಾಕ್ ಎಂಬ ತರುಣನ ಕೈಸೇರ್ಪಟ್ಟಿತು. ರಾಕ್ ಬಂದು ಮಾತಾಡಿ, ನೌಕರಿ ಏಕೆ, ನಿಮ್ಮದೇ ಕಂಪನಿ ಮಾಡಿ ಎಂದರು. ಆಗ ಏಳು ಜನರಿದ್ದರು. ಶಾಕ್ಲಿ ಅವರ ಮೆಚ್ಚಿನವರಾಗಿದ್ದ ನಾಯ್ಸ್ ಕೊನೆಗೆ ಸೇರಿಕೊಂಡರು. ಒಪ್ಪಂದದ ಕಾಗದ ಸಿದ್ಧವಿರಲಿಲ್ಲ. ಡಾಲರ್ ನೋಟುಗಳ ಮೇಲೆ ಎಲ್ಲರೂ ಸಹಿ ಹಾಕಿ ಒಂದೊಂದನ್ನು ಇಟ್ಟುಕೊಂಡರು. ರಾಕ್ ಸುಮಾರು 35 ಕಂಪನಿಗಳ ಬಾಗಿಲು ತಟ್ಟಿದರು, ಎಲ್ಲವೂ ಒಲ್ಲೆ ಎಂದವು. ಕಡೆಗೆ ವಿಮಾನ ಕ್ಯಾಮರಾ ಉದ್ಯಮಿ ಶರ್ಮನ್ ಫೇರ್‌ಚೈಲ್ಡ್ ಅವರ ಕಂಪನಿ ಸುಮಾರು 14 ಲಕ್ಷ ಡಾಲರು ಕೊಡಲು ಒಪ್ಪಿತು. 1957ರ ಸೆಪ್ಟೆಂಬರ್ 18ರಂದು ಎಂಟೂ ಜನ ರಾಜೀನಾಮೆ ಕೊಟ್ಟರು. ದ್ರೋಹಿ ಎಂಟು ಮಂದಿ ಎಂಬ ಹೆಸರು ಅವರಿಗೆ ಅಂಟಿಕೊಂಡಿತು.

ಪಾಲೊ ಆಲ್ಟೊದ ಖಾಲಿ ಕಟ್ಟಡದಲ್ಲಿ ಅವರು ಕೆಲಸ ಹಂಚಿಕೊಂಡ ರೀತಿ ನೋಡಿ. ರಾಬರ್ಟ್ಸ್ ಹರಳು ಬೆಳೆಸಿದರು. ಮೂರ್ ಮತ್ತು ಹೋರ್ನಿ ವಿಸರಣೆ ಹಿಡಿದರು – ಒಬ್ಬರು ಎನ್-ಪಿ-ಎನ್, ಇನ್ನೊಬ್ಬರು ಪಿ-ಎನ್-ಪಿ. ನಾಯ್ಸ್ ಮತ್ತು ಲಾಸ್ಟ್ ಸಿನಿಮಾ ಕ್ಯಾಮರಾದ ಮಸೂರಗಳನ್ನು ಕೊಂಡು ತಂದು ಸಿಲಿಕಾನ್ ಮೇಲೆ ವಿನ್ಯಾಸ ಮೂಡಿಸುವ ಯಂತ್ರ ಕಟ್ಟಿದರು. ಗ್ರಿನಿಚ್ ಪರೀಕ್ಷಾ ಉಪಕರಣ, ಕ್ಲೈನರ್ ಮತ್ತು ಬ್ಲ್ಯಾಂಕ್ ಕಾರ್ಯಾಗಾರ. 1958ರಲ್ಲಿ ಐ.ಬಿ.ಎಂ. ಕಂಪನಿ ತಲಾ 150 ಡಾಲರಿಗೆ 100 ಟ್ರಾನ್ಸಿಸ್ಟರುಗಳನ್ನು ಕೊಂಡಿತು. ಶಾಕ್ಲಿ ಅವರ ಬಳಿ ಒಂದೂವರೆ ವರ್ಷದಲ್ಲಿ ಆಗದ ಕೆಲಸ ಒಂದು ವರ್ಷದೊಳಗೆ ಆಯಿತು.

ಆ ಟ್ರಾನ್ಸಿಸ್ಟರುಗಳಿಗೆ ಒಂದು ರೋಗವಿತ್ತು. ಪೆನ್ಸಿಲಿನಿಂದ ತಟ್ಟಿದರೆ ಕೆಲವು ಕೆಟ್ಟುಹೋಗುತ್ತಿದ್ದವು. ಡಬ್ಬಿಯೊಳಗಿನ ಯಾವುದೋ ಕಣ ಬಯಲಾಗಿದ್ದ ಸಂಧಿಯ ಮೇಲೆ ಬಿದ್ದು ಹ್ರಸ್ವ ಮಂಡಲವಾಗುತ್ತಿತ್ತು. ಹೋರ್ನಿ ಅವರು 1957ರ ಡಿಸೆಂಬರ್‌ನಲ್ಲೇ ಟಿಪ್ಪಣಿ ಮಾಡಿಟ್ಟಿದ್ದ ಯೋಚನೆ ಇಲ್ಲಿ ನೆರವಿಗೆ ಬಂತು: ವಿಸರಣೆಯ ಕಾಲಕ್ಕೆ ಬೆಳೆಸಿದ ಸಿಲಿಕಾನ್ ಡೈಆಕ್ಸೈಡ್ ಪದರವನ್ನು ಕೊಳೆ ಎಂದು ತೊಳೆಯದೆ ಸಂಧಿಯ ಮೇಲೆ ಹಾಗೆಯೇ ಬಿಡುವುದು. ಅದು ಹೊದಿಕೆಯಾಗಿ ಕಾಯುತ್ತದೆ. 1959ರಲ್ಲಿ ಈ ಸಮತಲ ವಿಧಾನ ಕೈಗೂಡಿತು. ಮೇಲ್ಮೈ ಸಮತಟ್ಟಾಗಿ, ಮೇಲೆ ನಿರೋಧಕ ಪದರವಿದ್ದರೆ ಅದರ ಮೇಲೆ ಲೋಹದ ಗೆರೆ ಎಳೆದು ಎಷ್ಟು ಟ್ರಾನ್ಸಿಸ್ಟರುಗಳನ್ನಾದರೂ ಜೋಡಿಸಬಹುದಲ್ಲ ಎಂದು ನಾಯ್ಸ್ ಅವರಿಗೆ ಹೊಳೆದದ್ದು ಅದೇ ವರ್ಷದ ಜನವರಿಯಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಜ್ಯಾಕ್ ಕಿಲ್ಬಿ 1958ರಲ್ಲೇ ಒಂದೇ ತುಂಡಿನಲ್ಲಿ ಮಂಡಲ ಮಾಡಿ ತೋರಿಸಿದ್ದರು. ಅದರ ಭಾಗಗಳನ್ನು ಜೋಡಿಸಿದ್ದು ಬಿಡಿ ತಂತಿಗಳು. ಇಂದಿನ ಚಿಪ್‌ಗಳು ಹೋರ್ನಿ–ನಾಯ್ಸ್ ದಾರಿಯಲ್ಲಿ ನಡೆದು ಬಂದವು.

ಅದೇ ರೋಗ, ಬೇರೆ ಮನೆ

ಇಲ್ಲಿಗೆ ಮುಗಿಸಿದರೆ ಕತೆ ಸುಖಾಂತವಾಗುತ್ತದೆ. ಚರಿತ್ರೆ ಹಾಗೆ ನಿಲ್ಲುವುದಿಲ್ಲ. ತಮ್ಮಲ್ಲಿ ಯಾರೂ ಆಡಳಿತ ಬಲ್ಲವರಲ್ಲ ಎಂದು ಎಂಟು ಜನ ಹೊರಗಿನಿಂದ ಒಬ್ಬ ವ್ಯವಸ್ಥಾಪಕರನ್ನು ತಂದರು. 1959ರಲ್ಲಿ ಅವರು ಕೆಲವರನ್ನು ಕರೆದುಕೊಂಡು ಹೋಗಿ ಸ್ಪರ್ಧಿ ಕಂಪನಿ ತೆರೆದರು! ಆಗ ನಾಯ್ಸ್ ಆ ಹೊಣೆ ಹೊತ್ತರು. ಮೆಲುಮಾತಿನವರು, ಕಿರಿಯರ ಯೋಚನೆಗೆ ಹುರುಪು ತುಂಬುವವರು. ಬೇಡ ಎನ್ನಬೇಕಾದಲ್ಲಿ ಎನ್ನಲಾಗದ್ದು ಅವರ ದೌರ್ಬಲ್ಯ. ಅದೇ ವರ್ಷ ಮೂಲ ಕಂಪನಿ ಒಪ್ಪಂದದಂತೆ 30 ಲಕ್ಷ ಡಾಲರಿಗೆ ಇಡೀ ಸಂಸ್ಥೆಯನ್ನು ಕೊಂಡಿತು. ಪ್ರತಿಯೊಬ್ಬರಿಗೂ ಷೇರಿನಲ್ಲಿ ದೊಡ್ಡ ಮೊತ್ತ ಬಂತು; ಆದರೆ ಅಂದಿನಿಂದ ಅವರು ಮತ್ತೆ ನೌಕರರು. ಲಾಭ ದೇಶದ ಪೂರ್ವ ತೀರದ ಕಚೇರಿಗೆ ಹೋಗುತ್ತಿತ್ತು, ತೀರ್ಮಾನಗಳೂ ಅಲ್ಲಿಂದಲೇ ಬರುತ್ತಿದ್ದವು. ಐ.ಸಿ. ಕೆಲಸ ದುಂದು ಎಂದು ಮಾರಾಟ ವಿಭಾಗದವರು ಆಕ್ಷೇಪಿಸಿದ ಮೇಲೆ, 1961ರಲ್ಲಿ ಲಾಸ್ಟ್, ಹೋರ್ನಿ, ರಾಬರ್ಟ್ಸ್ ಹೊರಟುಹೋದರು. ಅವರ ಹಿಂದೆ ಇನ್ನೂ ಎಷ್ಟೋ ಜನ. 1968ರಲ್ಲಿ ಮೂಲ ಕಂಪನಿಯ ಅತ್ಯುನ್ನತ ಹುದ್ದೆ ನಾಯ್ಸ್ ಅವರಿಗೆ ತಪ್ಪಿತು. ಅವರೂ ಮೂರ್ ಅವರೂ ರಾಜೀನಾಮೆ ಕೊಟ್ಟು ಜುಲೈನಲ್ಲಿ ಇಂಟೆಲ್ ಆರಂಭಿಸಿದರು. ಹಣ ಹೊಂದಿಸಿದವರು ಮತ್ತೆ ರಾಕ್. ಹೀಗೆ ಬೇಸತ್ತು ಹೊರಟವರು ಅಲ್ಲೇ ಆಸುಪಾಸಿನಲ್ಲಿ ತೆರೆದ ಕಂಪನಿಗಳಿಂದ ಆ ಕಣಿವೆ ತುಂಬಿತು. 1971ರಲ್ಲಿ ಪತ್ರಕರ್ತ ಡಾನ್ ಹೋಫ್ಲರ್ ಸಿಲಿಕಾನ್ ಕಣಿವೆ ಎಂದು ಬರೆದ ಮೇಲೆ ಆ ಹೆಸರು ನಿಂತಿತು. ನಮ್ಮ ಬೆಂಗಳೂರಿಗೂ ಅದನ್ನೇ ಎರವಲು ತಂದೆವು.

ಶಾಕ್ಲಿ ಅವರ ಪ್ರಯೋಗಾಲಯ ಲಾಭದ ಮುಖ ಕಾಣಲಿಲ್ಲ. ಬೆಕ್‌ಮನ್ 1960ರಲ್ಲಿ ಅದನ್ನು ಮಾರಿದರು. ಶಾಕ್ಲಿ 1963ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಮನುಷ್ಯರನ್ನು ಅಳೆದು ಶ್ರೇಣಿಗೆ ಹಾಕುವ ಗೀಳು ಅವರನ್ನು ಬಿಡಲಿಲ್ಲ. ಬುದ್ಧಿಶಕ್ತಿಯಲ್ಲಿ ಕಪ್ಪು ಜನ ಹುಟ್ಟಿನಿಂದಲೇ ಕೀಳು ಎಂಬ ಆಧಾರವಿಲ್ಲದ, ಹೇಯ ವಾದವನ್ನು ಹಿಡಿದು ಉಳಿದ ಬದುಕನ್ನು ಕಳೆದರು. 1989ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಅವರ ಮಕ್ಕಳಿಗೆ ಸುದ್ದಿ ಸಿಕ್ಕಿದ್ದು ಪತ್ರಿಕೆಗಳಿಂದ.

ಎಂಟು ಮಂದಿಯಲ್ಲಿ ಕೊನೆಯವರಾದ ಮೂರ್ 2023ರ ಮಾರ್ಚ್‌ನಲ್ಲಿ ನಿಧನರಾದರು. ಹಣ್ಣಿನ ಶೆಡ್ಡನ್ನು ಅದಕ್ಕೂ ಮುಂಚೆ ಕೆಡವಿ ದೊಡ್ಡ ಕಟ್ಟಡಗಳನ್ನು ಎಬ್ಬಿಸಲಾಗಿತ್ತು. ಆ ಕಾಲುದಾರಿಯಲ್ಲಿ 2018ರಲ್ಲಿ ಅರೆವಾಹಕ ಸಾಧನಗಳ ದೊಡ್ಡ ಪ್ರತಿಕೃತಿಗಳನ್ನು ನಿಲ್ಲಿಸಿದ್ದಾರೆ. ಅವುಗಳಲ್ಲಿ ಒಂದು ಶಾಕ್ಲಿ ಅವರ ನಾಲ್ಕು ಪದರದ ಡಯೋಡು. ಜೊತೆಗಿರುವ ಇನ್ನೊಂದು 2ಎನ್696 – ಅಲ್ಲಿಂದ ಹೊರಟ ಎಂಟು ಜನ ಫೇರ್‌ಚೈಲ್ಡ್‌ನಲ್ಲಿ ಮಾಡಿದ ಮೊದಲ ಟ್ರಾನ್ಸಿಸ್ಟರುಗಳಲ್ಲಿ ಒಂದು.